ಗಂಡಸರ ಸಿಟ್ಟಿಗೆ ಬಿದ್ದ ಸರ್ಕಾರ, ಹೆಂಗಸರ ಮೇಲೆ ಬಿದ್ದ ಲೆಕ್ಕ

82,61,173. 1976ರ ಏಪ್ರಿಲ್‌ನಿಂದ 1977ರ ಮಾರ್ಚ್‌ವರೆಗಿನ ಹನ್ನೆರಡು ತಿಂಗಳಲ್ಲಿ ಭಾರತದಲ್ಲಿ ನಡೆದ ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆಗಳ ಅಧಿಕೃತ ಸಂಖ್ಯೆ ಇದು. ದಿನಕ್ಕೆ 22,600ರ ಲೆಕ್ಕ. ಹಬ್ಬವಿಲ್ಲ, ರಜೆಯಿಲ್ಲ, ರಾತ್ರಿಯೂ ಇಲ್ಲ ಅಂದುಕೊಂಡರೂ ನಿಮಿಷಕ್ಕೆ 15ಕ್ಕಿಂತ ಹೆಚ್ಚು. 1971ರ ಜನಗಣತಿಯಲ್ಲಿ ಬೆಂಗಳೂರಿನಲ್ಲಿದ್ದವರು ಸುಮಾರು 16.5 ಲಕ್ಷ ಮಂದಿ. ಮಕ್ಕಳು, ಮುದುಕರು, ಗಂಡಸರು, ಹೆಂಗಸರು ಎನ್ನದೆ ಎಲ್ಲರನ್ನೂ ಸೇರಿಸಿ, ಅಂಥ ಐದು ಬೆಂಗಳೂರುಗಳನ್ನು ಒಂದೇ ವರ್ಷದಲ್ಲಿ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಮಲಗಿಸಿ ಎಬ್ಬಿಸಿದ ಹಾಗೆ.

ಹಿಂದಿನ ವರ್ಷ ಇದೇ ಸಂಖ್ಯೆ 26,68,754 ಇತ್ತು. ಮುಂದಿನ ವರ್ಷ ಅದು 9,48,769ಕ್ಕೆ ಕುಸಿಯಿತು. ಮೂರು ವರ್ಷಗಳಲ್ಲಿ ಹೀಗೆ ಏರಿ ಹೀಗೆ ಬಿದ್ದ ಸಂಖ್ಯೆ ಭಾರತದ ಆರೋಗ್ಯ ಇಲಾಖೆಯ ಕಡತಗಳಲ್ಲಿ ಇನ್ನೊಂದು ಇರಲಾರದು. ಏರಿಸಿದ್ದು ಒಂದು ಸರ್ಕಾರ, ಬೀಳಿಸಿದ್ದು ಒಂದು ಚುನಾವಣೆ. ಆ ಕಥೆ ನಮಗೆಲ್ಲ ಗೊತ್ತು ಎಂದೇ ಎಲ್ಲರ ಭಾವನೆ. ಆದರೆ ಈ ಮೊತ್ತಗಳನ್ನು ಗಂಡಸು, ಹೆಂಗಸು ಎಂದು ಒಡೆದು ನೋಡಿದಾಗ ಬೇರೆಯೇ ಒಂದು ಕಥೆ ಕಾಣುತ್ತದೆ. ನಾನು ಹೇಳಹೊರಟಿರುವುದು ಅದನ್ನು.

ಮೊದಲು ಗೊತ್ತಿರುವ ಕಥೆ. 1975ರ ಜೂನ್ 25ರಂದು ತುರ್ತುಪರಿಸ್ಥಿತಿ ಬಂತು. 1976ರ ಏಪ್ರಿಲ್ 16ರಂದು ಅಂದಿನ ಆರೋಗ್ಯ ಸಚಿವ ಕರಣ್ ಸಿಂಗ್ ರಾಷ್ಟ್ರೀಯ ಜನಸಂಖ್ಯಾ ನೀತಿಯನ್ನು ಪ್ರಕಟಿಸಿದರು. ಎರಡು ಮಕ್ಕಳಾದ ಮೇಲೆ ಆಪರೇಷನ್ ಮಾಡಿಸಿಕೊಂಡರೆ 150 ರೂಪಾಯಿ, ಮೂರಾದ ಮೇಲೆ 100, ನಾಲ್ಕು ಅಥವಾ ಹೆಚ್ಚಾದರೆ 70. ರಾಜ್ಯಗಳ ಯೋಜನೆಗೆ ಕೇಂದ್ರ ಕೊಡುವ ನೆರವಿನಲ್ಲಿ ನೂರಕ್ಕೆ 8 ಪಾಲು ಕುಟುಂಬ ಯೋಜನೆಯ ಸಾಧನೆಯನ್ನು ನೋಡಿಯೇ ಬರತಕ್ಕದ್ದು. ಹಣ ಬೇಕಾದ ರಾಜ್ಯಗಳು ಪೈಪೋಟಿಗೆ ಬಿದ್ದವು. ಆ ವರ್ಷ ಇಡೀ ದೇಶಕ್ಕೆ ಇಟ್ಟ ಗುರಿ 43 ಲಕ್ಷ, ನಡೆದದ್ದು ಅದರ ಹೆಚ್ಚುಕಡಿಮೆ ಎರಡರಷ್ಟು. ಉತ್ತರ ಪ್ರದೇಶಕ್ಕೆ ಕೇಂದ್ರ ಕೇಳಿದ್ದು 4 ಲಕ್ಷ. ರಾಜ್ಯ ತಾನಾಗಿಯೇ ಅದನ್ನು 15 ಲಕ್ಷಕ್ಕೆ ಏರಿಸಿಕೊಂಡಿತು, 8 ಲಕ್ಷ ದಾಟಿಸಿತು. ಮಧ್ಯಪ್ರದೇಶ 10 ಲಕ್ಷದ ಹತ್ತಿರ ಹೋಯಿತು. ಮಹಾರಾಷ್ಟ್ರದ ಶಾಸಕಾಂಗ ಕಡ್ಡಾಯ ಸಂತಾನಶಕ್ತಿಹರಣದ ಮಸೂದೆಯನ್ನೇ ಒಪ್ಪಿತು. ರಾಷ್ಟ್ರಪತಿಯ ಅಂಕಿತ ಬೀಳದೆ ಅದು ಕಾನೂನಾಗಲಿಲ್ಲ.

ಗುರಿ ಇಳಿದದ್ದು ಮೇಜಿನಿಂದ ಮೇಜಿಗೆ. ಜಿಲ್ಲಾಧಿಕಾರಿಯಿಂದ ತಹಶೀಲ್ದಾರರಿಗೆ, ಅಲ್ಲಿಂದ ಕಂದಾಯ ನೌಕರರಿಗೆ, ಶಾಲಾ ಮೇಷ್ಟರಿಗೆ. ಇಷ್ಟು ಜನರನ್ನು ಕರೆತಂದರೆ ಸಂಬಳ, ಇಲ್ಲದಿದ್ದರೆ ತಡೆ. ಹರಿಯಾಣದ ಮೇವಾತ್ ಸೀಮೆಯ ಉಟ್ಟಾವಡ ಎಂಬ ಹಳ್ಳಿಯನ್ನು 1976ರ ನವೆಂಬರಿನ ಒಂದು ನಸುಕಿನಲ್ಲಿ ಪೊಲೀಸರು ಸುತ್ತುವರಿದರು. ನೂರಾರು ಗಂಡಸರನ್ನು ಹಿಡಿದು ಒಯ್ದರು, ಹಲವರಿಗೆ ಶಸ್ತ್ರಚಿಕಿತ್ಸೆ ಮಾಡಿಸಿದರು. ಆ ಸುತ್ತಿನ ಊರುಗಳಲ್ಲಿ ಗಂಡಸರು ಮನೆ ಬಿಟ್ಟು ಹೊಲಗಳಲ್ಲಿ ಮಲಗುತ್ತಿದ್ದರು. ಉತ್ತರ ಪ್ರದೇಶದ ಮುಜಫ್ಫರನಗರದಲ್ಲಿ ಅದೇ ವರ್ಷದ ಅಕ್ಟೋಬರಿನಲ್ಲಿ ಗೋಲಿಬಾರ್ ಆಗಿತ್ತು. ದೆಹಲಿಯ ತುರ್ಕ್‌ಮನ್ ಗೇಟಿನಲ್ಲಿ ಮನೆಗಳನ್ನು ಕೆಡವುವ ಬುಲ್ಡೋಜರು ಮತ್ತು ಪಕ್ಕದ ದುಜಾನಾ ಹೌಸ್‌ನ ಆಪರೇಷನ್ ಶಿಬಿರ ಒಂದೇ ಏಪ್ರಿಲಿನಲ್ಲಿ ಬಂದವು. ಮುಂದೆ ತುರ್ತುಪರಿಸ್ಥಿತಿಯ ತನಿಖೆಗೆ ಕೂತ ನ್ಯಾಯಮೂರ್ತಿ ಜೆ.ಸಿ. ಶಾ ಆಯೋಗ ಲೆಕ್ಕ ತೆಗೆದಾಗ ಈ ಶಸ್ತ್ರಚಿಕಿತ್ಸೆಗಳಿಗೆ ಸಂಬಂಧಿಸಿದ 1,774 ಸಾವುಗಳು ದಾಖಲಾದವು. ಮದುವೆಯೇ ಆಗದವರಿಗೆ ಆಪರೇಷನ್ ಮಾಡಿದ 548 ದೂರುಗಳು ಬಂದವು.

1977ರ ಮಾರ್ಚ್‌ನಲ್ಲಿ ಮತದಾನ. ಉತ್ತರ ಪ್ರದೇಶದ 85 ಕ್ಷೇತ್ರಗಳಲ್ಲಿ ಕಾಂಗ್ರೆಸ್ಸಿಗೆ ಸೊನ್ನೆ. ಬಿಹಾರದ 54ರಲ್ಲಿ ಸೊನ್ನೆ. ಪಂಜಾಬಿನ 13, ಹರಿಯಾಣದ 10, ದೆಹಲಿಯ 7, ಎಲ್ಲೆಲ್ಲೂ ಸೊನ್ನೆ. ರಾಜಸ್ಥಾನದ 25ರಲ್ಲಿ ಒಂದು, ಮಧ್ಯಪ್ರದೇಶದ 40ರಲ್ಲಿ ಒಂದು. ಈ ಏಳು ಕಡೆ ಕೂಡಿಸಿದರೆ 234 ಕ್ಷೇತ್ರಗಳಾಗುತ್ತವೆ, ಗೆದ್ದದ್ದು ಎರಡು. 1971ರಲ್ಲಿ 352 ಸ್ಥಾನಗಳಿದ್ದ ಪಕ್ಷ ದೇಶದಾದ್ಯಂತ 154ಕ್ಕೆ ಇಳಿಯಿತು. ರಾಯಬರೇಲಿಯಲ್ಲಿ ಪ್ರಧಾನಿ ಇಂದಿರಾ ಗಾಂಧಿಯೇ ರಾಜ್ ನಾರಾಯಣ್ ಎದುರು 55,202 ಮತಗಳಿಂದ ಸೋತರು. ಅಮೇಠಿಯಲ್ಲಿ ಮಗ ಸಂಜಯ್ ಸೋತರು. ಹರಿಯಾಣದ ಬಲಾಢ್ಯ ನಾಯಕ ಬನ್ಸಿ ಲಾಲ್ ಅವರನ್ನು ಭಿವಾನಿಯಲ್ಲಿ ಭಾರಿ ಅಂತರದಿಂದ ಸೋಲಿಸಿದ್ದು ಚಂದ್ರಾವತಿ ಎಂಬ ಮಹಿಳೆ. ಹರಿಯಾಣದಿಂದ ಲೋಕಸಭೆಗೆ ಹೋದ ಮೊದಲ ಹೆಣ್ಣು ಆಕೆ.

ಪತ್ರಿಕಾ ಸ್ವಾತಂತ್ರ್ಯ, ಬಂಧನಗಳು, ಬೆಲೆ ಏರಿಕೆ, ಹಿರಿಯ ನಾಯಕ ಜಗಜೀವನ್ ರಾಮ್ ಕಾಂಗ್ರೆಸ್ ಬಿಟ್ಟದ್ದು, ಈ ಸೋಲಿಗೆ ಕಾರಣಗಳು ಹಲವು. ಆದರೆ ಪತ್ರಿಕೆಯನ್ನೇ ಓದದ ಹಳ್ಳಿಗೂ ತುರ್ತುಪರಿಸ್ಥಿತಿ ಬಂದು ಮುಟ್ಟಿದ್ದು ನಸಬಂದಿ ಎಂಬ ಸಂತಾನಶಕ್ತಿಹರಣದ ರೂಪದಲ್ಲಿ. ಉತ್ತರದಲ್ಲಿ ಆ ಆಡಳಿತಕ್ಕೆ ಜನ ಕೊಟ್ಟ ಹೆಸರೂ ಅದೇ ಆಗಿತ್ತು.

ಇನ್ನು ಹೆಂಗಸರು. ಮತಪೆಟ್ಟಿಗೆಯೊಳಗೆ ಬಿದ್ದ ಚೀಟಿಗೆ ಗಂಡು ಹೆಣ್ಣಿನ ಗುರುತಿರುವುದಿಲ್ಲ. ಆದರೆ ಮತಗಟ್ಟೆಗೆ ಬಂದವರ ಲೆಕ್ಕವನ್ನು ಚುನಾವಣಾ ಆಯೋಗ ಬೇರೆ ಬೇರೆಯಾಗಿ ಬರೆದಿಡುತ್ತದೆ. 1971ರಲ್ಲಿ ಹೆಣ್ಣು ಮತದಾರರಲ್ಲಿ ನೂರಕ್ಕೆ 49.11 ಮಂದಿ ಮತ ಹಾಕಿದ್ದರು. 1977ರಲ್ಲಿ ಅದು 54.91ಕ್ಕೆ ಏರಿತು. ಗಂಡಸರದು 60.90ರಿಂದ 65.63ಕ್ಕೆ. ಏರಿಕೆ ಹೆಂಗಸರದೇ ಹೆಚ್ಚು. ಜನಸಂಖ್ಯೆ ಬೆಳೆದದ್ದನ್ನೂ ಸೇರಿಸಿದರೆ, ಆರು ವರ್ಷಗಳ ಹಿಂದಿಗಿಂತ ಸುಮಾರು ಎರಡು ಕೋಟಿ ಹೆಚ್ಚು ಹೆಂಗಸರು ಮತಗಟ್ಟೆಯ ಸಾಲಿನಲ್ಲಿ ನಿಂತಿದ್ದರು. ಗಂಡ ಹೊಲದಲ್ಲಿ ಅಡಗಿ ಮಲಗಿದ ರಾತ್ರಿಗಳಲ್ಲಿ ಮನೆಯಲ್ಲಿ ಎದ್ದು ಕೂತವಳು ಹೆಂಡತಿ. ಮದುವೆಯಾಗದ ಮಗನನ್ನು ಎಳೆದೊಯ್ದಾರೆಂದು ಹೆದರಿದವಳು ತಾಯಿ. ಗಾಯ ನಂಜಾಗಿ ಗಂಡ ತೀರಿಕೊಂಡಾಗ ವಿಧವೆಯಾದವಳೂ ಹೆಣ್ಣೇ. ಅವಳ ಮತದಲ್ಲಿ ಇದೆಲ್ಲ ಇರಲಿಲ್ಲ ಎಂದು ನಂಬಲು ನನಗೆ ಸಾಧ್ಯವಿಲ್ಲ.

ಆದರೂ ಆ ಚುನಾವಣೆಯಲ್ಲಿ ಲೋಕಸಭೆಗೆ ಆಯ್ಕೆಯಾದ ಮಹಿಳೆಯರು ಎಷ್ಟು ಗೊತ್ತೆ? ಹತ್ತೊಂಬತ್ತು. ಸ್ವತಂತ್ರ ಭಾರತದ ಯಾವ ಲೋಕಸಭೆಯಲ್ಲೂ ಅಷ್ಟು ಕಡಿಮೆ ಮಹಿಳೆಯರು ಗೆದ್ದು ಬಂದದ್ದಿಲ್ಲ. ಮಕ್ಕಳು ಹುಟ್ಟುವ ವಿಚಾರವೇ ಒಂದು ಸರ್ಕಾರವನ್ನು ಉರುಳಿಸಿದ ಚುನಾವಣೆಯಲ್ಲಿ, ಮಕ್ಕಳನ್ನು ಹೆರುವವರ ಪರವಾಗಿ ಮಾತಾಡಲು ಸದನದಲ್ಲಿ ಕೂತವರು ಇಷ್ಟೇ ಮಂದಿ.

ಕರ್ನಾಟಕದಲ್ಲಿ ನಡೆದದ್ದು ಪೂರಾ ಬೇರೆ. ಇಲ್ಲಿನ 28 ಕ್ಷೇತ್ರಗಳಲ್ಲಿ ಕಾಂಗ್ರೆಸ್ 26 ಗೆದ್ದಿತು. ಆಂಧ್ರದ 42ರಲ್ಲಿ 41. ಒಂದೇ ದೇಶ, ಒಂದೇ ನೀತಿ, ಕುಟುಂಬ ಯೋಜನೆಯ ಒಂದೇ ಕೆಂಪು ತ್ರಿಕೋನ, ಒಂದೇ ವಾರದ ಮತದಾನ. ಉತ್ತರದಲ್ಲಿ ಸೊನ್ನೆ ತಂದದ್ದು ದಕ್ಷಿಣದಲ್ಲಿ ಏನೂ ಮಾಡಲಿಲ್ಲ. ಮರುವರ್ಷ ನವೆಂಬರಿನಲ್ಲಿ ಇಂದಿರಾ ಗಾಂಧಿ ಚಿಕ್ಕಮಗಳೂರಿಗೆ ಬಂದರು. ಡಿ.ಬಿ. ಚಂದ್ರೇಗೌಡರು ಬಿಟ್ಟುಕೊಟ್ಟ ಕ್ಷೇತ್ರದಲ್ಲಿ ವೀರೇಂದ್ರ ಪಾಟೀಲರ ಎದುರು 77,333 ಮತಗಳಿಂದ ಗೆದ್ದರು. ರಾಯಬರೇಲಿಯ ಸೋಲಿಗೂ ಚಿಕ್ಕಮಗಳೂರಿನ ಗೆಲುವಿಗೂ ನಡುವೆ ಇಪ್ಪತ್ತು ತಿಂಗಳು.

ಕಾರಣ ಹುಡುಕಲು ಬಹಳ ದೂರ ಹೋಗಬೇಕಿಲ್ಲ. ಮುಖ್ಯಮಂತ್ರಿ ದೇವರಾಜ ಅರಸರ ಕಾಲದ ಭೂಸುಧಾರಣೆ, ಜನತಾ ಮನೆ, ಜೀತ ವಿಮುಕ್ತಿ ಇಲ್ಲಿನ ಬಡವರ ಕಣ್ಣೆದುರಿಗಿದ್ದವು. ಉತ್ತರದಂಥ ಬೇಟೆ ಇಲ್ಲಿ ನಡೆಯಲಿಲ್ಲ. ಕುಟುಂಬ ಯೋಜನೆ ಎಂಬುದು ಈ ನೆಲಕ್ಕೆ ಪೊಲೀಸ್ ಲಾರಿಯಲ್ಲಿ ಬಂದದ್ದೂ ಅಲ್ಲ. 1923ರಲ್ಲೇ ಮೈಸೂರು ಸಂಸ್ಥಾನ ಪ್ರಜಾಪ್ರತಿನಿಧಿ ಸಭೆಯ ಚುನಾವಣೆಗೆ ಹೆಂಗಸರಿಗಿದ್ದ ಅಡ್ಡಿಯನ್ನು ತೆಗೆದುಹಾಕಿತ್ತು. ಏಳು ವರ್ಷಗಳ ನಂತರ, 1930ರಲ್ಲಿ, ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯಲು ಆದೇಶ ಹೊರಡಿಸಿತು. ಒಂದು ಸರ್ಕಾರ ತಾನಾಗಿ ಇಂಥ ಕ್ಲಿನಿಕ್ ನಡೆಸಿದ್ದು ಜಗತ್ತಿನಲ್ಲಿ ಅದೇ ಮೊದಲು ಎನ್ನುತ್ತಾರೆ. ಮತವೂ ಗರ್ಭದ ಮೇಲಿನ ಹಕ್ಕೂ ಏಳು ವರ್ಷಗಳ ಅಂತರದಲ್ಲಿ ಒಂದೇ ಸರ್ಕಾರದಿಂದ ಬಂದವು ಎಂಬುದು ನಾವು ಶಾಲೆಯ ಪಾಠದಲ್ಲಿ ಮಕ್ಕಳಿಗೆ ಹೇಳಬೇಕಾದ ಸಂಗತಿ. ಮುಂದೆ 'ಆರತಿಗೊಂದು, ಕೀರ್ತಿಗೊಂದು' ಎಂಬ ಮಾತು ನಮ್ಮ ಮನೆಮನೆಯ ಮಾತಾದದ್ದು ಹೆದರಿಕೆಯಿಂದಲ್ಲ.

ಈಗ ಆ ಮೊತ್ತಗಳನ್ನು ಒಡೆಯೋಣ.

1976-77ರ 82.6 ಲಕ್ಷದಲ್ಲಿ ಗಂಡಸರ ವ್ಯಾಸೆಕ್ಟಮಿ 61,99,158. ಹೆಂಗಸರ ಟ್ಯುಬೆಕ್ಟಮಿ 20,62,015. ನೂರಕ್ಕೆ 75 ಗಂಡಸರು, 25 ಹೆಂಗಸರು. 1977-78ರ 9.49 ಲಕ್ಷದಲ್ಲಿ ಗಂಡಸರು 1,87,609, ಹೆಂಗಸರು 7,61,160. ನೂರಕ್ಕೆ 20 ಗಂಡಸರು, 80 ಹೆಂಗಸರು. ಒಂದು ಚುನಾವಣೆ ಕಳೆಯುವಷ್ಟರಲ್ಲಿ ತಕ್ಕಡಿ ಪೂರ್ತಿ ತಲೆಕೆಳಗಾಯಿತು. ಗಂಡಸರ ಆಪರೇಷನ್ ಮೂವತ್ಮೂರರಲ್ಲಿ ಒಂದು ಪಾಲಿಗೆ ಇಳಿಯಿತು. ಹೆಂಗಸರದು ಮೂರರಲ್ಲಿ ಒಂದು ಪಾಲಿಗಿಂತ ಕೆಳಗೆ ಇಳಿಯಲಿಲ್ಲ.

ಹೊಸ ಸರ್ಕಾರದ ಆರೋಗ್ಯ ಸಚಿವರಾದವರು ಯಾರೆಂದರೆ, ರಾಯಬರೇಲಿಯಲ್ಲಿ ಇಂದಿರಾ ಗಾಂಧಿಯನ್ನು ಸೋಲಿಸಿದ ಅದೇ ರಾಜ್ ನಾರಾಯಣ್. ಕುಟುಂಬ ಯೋಜನೆ ಎಂಬ ಹೆಸರೇ ಬೇಡವೆಂದು ಇಲಾಖೆ 'ಕುಟುಂಬ ಕಲ್ಯಾಣ'ವಾಯಿತು. ಬಲವಂತ ನಿಂತಿತು, ಅದು ಆ ಚುನಾವಣೆಯ ದೊಡ್ಡ ಗೆಲುವು. ಆದರೆ ಜನಸಂಖ್ಯೆಯ ಚಿಂತೆ ಯಾವ ಸರ್ಕಾರಕ್ಕೂ ಹೋಗಲಿಲ್ಲ, ಗುರಿಗಳೂ ಹೋಗಲಿಲ್ಲ. ಗುರಿ ತಲುಪಬೇಕು, ಗಂಡಸರನ್ನು ಮುಟ್ಟುವಂತಿಲ್ಲ. ಗಂಡಸನ್ನು ಮುಟ್ಟಿದರೆ ಸರ್ಕಾರ ಬೀಳುತ್ತದೆ ಎಂಬ ಪಾಠವನ್ನು 1977ರ ನಂತರ ಬಂದ ಎಲ್ಲ ಪಕ್ಷಗಳೂ ಕಲಿತವು. ಉಳಿದವಳು ಹೆಂಗಸು.

ಹೆರಿಗೆಗೆ ಆಸ್ಪತ್ರೆಗೆ ಬರುವವಳು ಅವಳು. ನರ್ಸಮ್ಮ ಮನೆಗೆ ಬಂದಾಗ ಮಾತಿಗೆ ಸಿಗುವವಳು ಅವಳು. ಮತಗಟ್ಟೆಯಲ್ಲಿ ಗಂಡಸಿಗಿಂತ ಹತ್ತು ಪಾಯಿಂಟ್ ಹಿಂದಿದ್ದವಳೂ ಅವಳು. ಗಂಡ ಹೇಳಿದ ಕಡೆ ಮತ ಹಾಕುತ್ತಾಳೆ ಎಂದು ಎಲ್ಲ ಪಕ್ಷಗಳೂ ನಂಬಿದ್ದು ಅವಳ ಬಗ್ಗೆಯೇ. 1980ರ ದಶಕದಲ್ಲಿ ಲ್ಯಾಪರೋಸ್ಕೋಪಿ ಬಂತು, ಶಾಲೆಯ ಕಟ್ಟಡಗಳಲ್ಲಿ ಶಿಬಿರಗಳು ಬಂದವು. ಆ ದಶಕದ ನಡುವಿನ ಹೊತ್ತಿಗೆ ವರ್ಷಕ್ಕೆ 30 ಲಕ್ಷಕ್ಕೂ ಹೆಚ್ಚು ಹೆಂಗಸರಿಗೆ ಆಪರೇಷನ್ ಆಗುತ್ತಿತ್ತು. ಹೋಲಿಸಿ ನೋಡಿ: ತುರ್ತುಪರಿಸ್ಥಿತಿಯ ಆ ಕುಖ್ಯಾತ ವರ್ಷದಲ್ಲಿ ಹೆಂಗಸರ ಸಂಖ್ಯೆ 20 ಲಕ್ಷ ಚಿಲ್ಲರೆ. ಅದಕ್ಕಿಂತ ಹತ್ತು ಲಕ್ಷ ಹೆಚ್ಚು, ಅದೂ ವರ್ಷ ವರ್ಷವೂ. ಯಾವ ಆಯೋಗವೂ ಕೂರಲಿಲ್ಲ, ಯಾವ ಸರ್ಕಾರವೂ ಬೀಳಲಿಲ್ಲ.

ಗಂಡಸರಿಗೆ ವ್ಯಾಸೆಕ್ಟಮಿ ಎಂದರೆ ಮೊದಲಿನಿಂದಲೂ ಆಗದು ಎಂದು ಯಾರಾದರೂ ಹೇಳಿದರೆ ನಂಬಬೇಡಿ. 1971ರ ಜುಲೈನಲ್ಲಿ ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ ಒಂದೇ ತಿಂಗಳ ಶಿಬಿರದಲ್ಲಿ ಸುಮಾರು 63,000 ಗಂಡಸರು ವ್ಯಾಸೆಕ್ಟಮಿ ಮಾಡಿಸಿಕೊಂಡಿದ್ದರು. ಜಾತ್ರೆಯಂತೆ ನಡೆದ ಶಿಬಿರ ಅದು. ಹಣ, ಅಕ್ಕಿ, ಬಟ್ಟೆಯ ಆಸೆ ಇತ್ತು ನಿಜ, ಆದರೆ ಪೊಲೀಸರು ಇರಲಿಲ್ಲ. ಹೊಟ್ಟೆ ಕೊಯ್ಯದೆ, ಆ ಜಾಗಕ್ಕಷ್ಟೇ ಮರಗಟ್ಟುವ ಚುಚ್ಚುಮದ್ದು ಕೊಟ್ಟು, ಅರ್ಧ ಗಂಟೆಯೊಳಗೆ ಮುಗಿಸಿ ಮನೆಗೆ ಕಳಿಸುವ ಚಿಕಿತ್ಸೆ ಅದು. ಹೆಂಗಸರದು ಹೊಟ್ಟೆಯೊಳಗೆ ಕೈ ಹಾಕುವ ಚಿಕಿತ್ಸೆ. ಕಡಿಮೆ ಅಪಾಯದ ದಾರಿಯನ್ನು ರಾಜಕೀಯ ಭಯದಿಂದ ಮುಚ್ಚಿ, ಹೆಚ್ಚು ಅಪಾಯದ ದಾರಿಯಲ್ಲಿ ಕೋಟಿಗಟ್ಟಲೆ ಹೆಂಗಸರನ್ನು ನಡೆಸಿದ್ದು ಸ್ವತಂತ್ರ ಭಾರತದ ಆರೋಗ್ಯ ನೀತಿಯ ಅತಿ ದೊಡ್ಡ ಅನ್ಯಾಯಗಳಲ್ಲಿ ಒಂದು ಎಂಬುದು ನನ್ನ ತೀರ್ಮಾನ.

ಇಂದಿನ ಚಿತ್ರಕ್ಕೆ ಬರೋಣ. 2019-21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49ರ ವಯಸ್ಸಿನ ವಿವಾಹಿತ ಹೆಂಗಸರಲ್ಲಿ ನೂರಕ್ಕೆ 37.9 ಮಂದಿಗೆ ಆಪರೇಷನ್ ಆಗಿದೆ. ಗಂಡಂದಿರಲ್ಲಿ 0.3. ಸಾವಿರ ದಂಪತಿಗಳಲ್ಲಿ 379 ಕಡೆ ಹೆಂಡತಿ, 3 ಕಡೆ ಗಂಡ. ಕರ್ನಾಟಕದಲ್ಲಿ ಹೆಂಗಸರ ಪ್ರಮಾಣ 57.4. ಗಂಡಸರದು ದಶಮಾಂಶದ ಮೊದಲ ಸ್ಥಾನದವರೆಗೆ ಬರೆದರೆ 0.0. ಸುಮ್ಮನೆ ಓದಿ ಮುಂದೆ ಹೋಗಬೇಡಿ, ನಮ್ಮ ರಾಜ್ಯದ ಅಂಕಿ ಇದು. ಪ್ರಜಾಪ್ರತಿನಿಧಿ ಸಭೆಯಲ್ಲಿ ಹೆಂಗಸರಿಗೆ ಮತ ಕೊಟ್ಟ ನೆಲ, ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆದ ನೆಲ, ಇಲ್ಲಿ ಗಂಡಸಿನ ಪಾಲು ಸೊನ್ನೆ. ಆಂಧ್ರಪ್ರದೇಶದಲ್ಲಿ ಹತ್ತರಲ್ಲಿ ಏಳು ವಿವಾಹಿತೆಯರಿಗೆ ಆಪರೇಷನ್ ಆಗಿದೆ. ಇಡೀ ದೇಶದ ಲೆಕ್ಕ ಹಾಕಿದರೆ ಇಂಥ ಹೆಂಗಸರ ಸಂಖ್ಯೆ ಒಂಬತ್ತು ಕೋಟಿಯ ಆಸುಪಾಸು, ಜರ್ಮನಿಯ ಒಟ್ಟು ಜನಸಂಖ್ಯೆಗಿಂತ ಹೆಚ್ಚು. ಅವರಲ್ಲಿ ಅರ್ಧದಷ್ಟು ಮಂದಿ 26 ತುಂಬುವ ಮೊದಲೇ ಆ ಮೇಜಿನ ಮೇಲೆ ಮಲಗಿ ಎದ್ದವರು. ಗರ್ಭನಿರೋಧ ಹೆಂಗಸರ ಕೆಲಸ, ಗಂಡಸಿಗೆ ಅದರ ಚಿಂತೆ ಬೇಡ ಎಂದು ಒಪ್ಪಿದ ಗಂಡಸರು ಅದೇ ಸಮೀಕ್ಷೆಯಲ್ಲಿ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು.

ಇಲ್ಲಿ ಒಂದು ಮಾತನ್ನು ಸ್ಪಷ್ಟ ಮಾಡಬೇಕು. ಈ ಹೆಂಗಸರನ್ನೆಲ್ಲ ಯಾರೋ ಎಳೆದೊಯ್ದರು ಎಂದು ನಾನು ಹೇಳುತ್ತಿಲ್ಲ. ಬಹುಪಾಲು ಮಂದಿಗೆ ಅದು ಬೇಕಿತ್ತು. ಐದು ಹೆತ್ತು ಇಬ್ಬರನ್ನು ಕಳೆದುಕೊಂಡ ಅಮ್ಮಂದಿರ ಬದುಕನ್ನು ಕಂಡ ಹೆಣ್ಣುಮಕ್ಕಳು ಎರಡಕ್ಕೆ ಸಾಕೆಂದು ತಾವೇ ಹೇಳಿದರು. ಕರ್ನಾಟಕದಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ 1.7 ಮಕ್ಕಳು ಎಂಬ ಹಂತಕ್ಕೆ ನಾವು ಬಂದದ್ದು ಅವರ ನಿರ್ಧಾರದಿಂದ. ಬಾಣಂತನದಲ್ಲಿ ಸಾಯುವವರು ಕಡಿಮೆಯಾದದ್ದರಲ್ಲಿ, ಹೆಣ್ಣುಮಕ್ಕಳು ಶಾಲೆಗೆ ಹೋದದ್ದರಲ್ಲಿ ಆ ನಿರ್ಧಾರದ ಪಾಲು ದೊಡ್ಡದು. ನನ್ನ ತಕರಾರು ಅವರ ಆಯ್ಕೆಯ ಮೇಲಲ್ಲ, ಅವರ ಮುಂದೆ ಇಟ್ಟ ಆಯ್ಕೆಯ ಮೇಲೆ. ಮಾತ್ರೆ, ವಂಕಿ, ಚುಚ್ಚುಮದ್ದು, ಕಾಂಡೋಮ್, ಗಂಡನ ಆಪರೇಷನ್ ಎಲ್ಲವನ್ನೂ ಮುಂದಿಟ್ಟು ಯಾವುದು ಬೇಕಮ್ಮ ಎಂದು ಕೇಳುವುದೇ ಬೇರೆ, ಹೆರಿಗೆಯಾದ ಮೂರನೇ ದಿನ ಇದೊಂದೇ ದಾರಿ ಎನ್ನುವುದೇ ಬೇರೆ.

ಆ ಒಂದೇ ದಾರಿಯಲ್ಲಿ ಎಂಥ ಅನಾಹುತಗಳಾದವು ಎಂಬುದಕ್ಕೆ 2014ರ ನವೆಂಬರಿನ ಛತ್ತೀಸ್‌ಗಢ ಸಾಕ್ಷಿ. ಬಿಲಾಸಪುರ ಜಿಲ್ಲೆಯ ಒಂದು ಶಿಬಿರದಲ್ಲಿ ಒಬ್ಬ ವೈದ್ಯರು ಕೆಲವೇ ಗಂಟೆಗಳಲ್ಲಿ 83 ಹೆಂಗಸರಿಗೆ ಆಪರೇಷನ್ ಮಾಡಿದರು. ಆ ವಾರ ಆ ಜಿಲ್ಲೆಯ ಶಿಬಿರಗಳಲ್ಲಿ ಮಲಗಿದವರಲ್ಲಿ ಹನ್ನೆರಡಕ್ಕೂ ಹೆಚ್ಚು ಹೆಂಗಸರು ಸತ್ತರು. ಎಲ್ಲರೂ ಸಣ್ಣ ಮಕ್ಕಳ ತಾಯಂದಿರು. ದೇವಿಕಾ ಬಿಸ್ವಾಸ್ ಅವರ ಅರ್ಜಿಯ ಮೇಲೆ 2016ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಲ್ಲಿ 2010ರಿಂದ 2013ರ ನಡುವಿನ 363 ಸಾವುಗಳ ಲೆಕ್ಕವಿದೆ. ಮೂರು ವರ್ಷದೊಳಗೆ ಶಿಬಿರಗಳನ್ನೇ ನಿಲ್ಲಿಸಿ ಎಂದು ನ್ಯಾಯಾಲಯ ಹೇಳಿತು. ಹೇಳಿದ್ದು ನ್ಯಾಯಾಲಯ, ಮತಪೆಟ್ಟಿಗೆಯಲ್ಲ. ಬಿಲಾಸಪುರದ ನಂತರವೂ ಛತ್ತೀಸ್‌ಗಢದ ಅದೇ ಸರ್ಕಾರ 2018ರ ಚುನಾವಣೆಯವರೆಗೆ ಕೂತಿತ್ತು.

ಹೆಂಗಸರಿಗೆ ಈ ವಿಚಾರ ಮತದ ವಿಚಾರವಾಗದು ಎಂದು ಇದರಿಂದ ತೀರ್ಮಾನಿಸಿದರೆ ತಪ್ಪಾಗುತ್ತದೆ. ನಮ್ಮ ಬೆಳಗಾವಿಯ ಸವಿತಾ ಹಾಲಪ್ಪನವರ್ 2012ರ ಅಕ್ಟೋಬರ್ 28ರಂದು ಐರ್ಲೆಂಡಿನ ಗಾಲ್ವೇ ನಗರದಲ್ಲಿ ತೀರಿಕೊಂಡಾಗ ಅವರಿಗೆ 31 ವರ್ಷ. ಗರ್ಭ ಉಳಿಯುವುದಿಲ್ಲ ಎಂದು ಗೊತ್ತಾದ ಮೇಲೂ ಗರ್ಭಪಾತಕ್ಕೆ ಅಡ್ಡವಾಗಿದ್ದ ಅಲ್ಲಿನ ಸಂವಿಧಾನದ ಎಂಟನೇ ತಿದ್ದುಪಡಿಯ ನೆರಳಿನಲ್ಲಿ ಗರ್ಭಪಾತ ಮಾಡಲಿಲ್ಲ. ಆಮೇಲೆ ನಂಜು ಏರಿತು. ಆರು ವರ್ಷ ಕಳೆಯುವುದರೊಳಗೆ, 2018ರ ಮೇ 25ರಂದು, ಐರ್ಲೆಂಡ್ ಅದೊಂದೇ ಪ್ರಶ್ನೆಯನ್ನು ಜನಮತಕ್ಕೆ ಇಟ್ಟಿತು. ತಿದ್ದುಪಡಿ ತೆಗೆಯಿರಿ ಎಂದವರು 14,29,981, ಬೇಡ ಎಂದವರು 7,23,632. ಸಂತಾನ ನಿಯಂತ್ರಣಕ್ಕಿಂತ ಗರ್ಭಪಾತ ಬೇರೆಯೇ ಸಂಗತಿ, ಒಪ್ಪುತ್ತೇನೆ. ಆದರೆ ಅಲ್ಲಿ ಚೀಟಿಯ ಮೇಲೆ ಪ್ರಶ್ನೆ ಇತ್ತು, ಆದ್ದರಿಂದ ಉತ್ತರ ಬಂತು. ಬೆಳಗಾವಿಯ ಹೆಣ್ಣುಮಗಳೊಬ್ಬಳ ಸಾವು ಸಾವಿರಾರು ಮೈಲಿ ದೂರದ ದೇಶದ ಸಂವಿಧಾನವನ್ನು ಬದಲಿಸಿತು. ಇಲ್ಲಿನ ಚುನಾವಣೆಯಲ್ಲಿ ಹೆಂಗಸರ ಮುಂದೆ ಅಂಥ ಪ್ರಶ್ನೆಯನ್ನು ಯಾರೂ ಇಟ್ಟೇ ಇಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಇದನ್ನು ಹಳೆಯ ಗಾಯ ಎನ್ನಬಹುದಿತ್ತು. ಆದರೆ 1976ರ ಆ ಜನಸಂಖ್ಯಾ ನೀತಿಯಲ್ಲಿ ಇನ್ನೊಂದು ಅಂಶವಿತ್ತು, ಅದು ಈಗ ಬಾಗಿಲಿಗೆ ಬಂದಿದೆ. ಮಕ್ಕಳನ್ನು ಕಡಿಮೆ ಮಾಡಿದ ರಾಜ್ಯಗಳಿಗೆ ಸಂಸತ್ತಿನಲ್ಲಿ ನಷ್ಟವಾಗಬಾರದೆಂದು, ಲೋಕಸಭಾ ಸ್ಥಾನಗಳ ಹಂಚಿಕೆಯನ್ನು 1971ರ ಜನಗಣತಿಯ ಮಟ್ಟದಲ್ಲಿ ತಡೆಹಿಡಿದರು. 42ನೇ ತಿದ್ದುಪಡಿ ಅದನ್ನು 2000ದ ನಂತರದ ಮೊದಲ ಜನಗಣತಿಯವರೆಗೆ ಕಾಯ್ದಿತು, 84ನೇ ತಿದ್ದುಪಡಿ 2026ರ ನಂತರದ ಮೊದಲ ಜನಗಣತಿಯವರೆಗೆ ವಿಸ್ತರಿಸಿತು.

1971ರಲ್ಲಿ ಕರ್ನಾಟಕದ ಜನಸಂಖ್ಯೆ 2.93 ಕೋಟಿ. 28 ಕ್ಷೇತ್ರಗಳಿಗೆ ಹಂಚಿದರೆ ಕ್ಷೇತ್ರಕ್ಕೆ ಸುಮಾರು 10.5 ಲಕ್ಷ. ಅಂದಿನ ಉತ್ತರ ಪ್ರದೇಶದ 85ಕ್ಕೂ, ಬಿಹಾರದ 54ಕ್ಕೂ ಇದೇ ಲೆಕ್ಕ ಮಾಡಿದರೆ ಸುಮಾರು 10.4 ಲಕ್ಷ. ಮೂರೂ ಕಡೆ ಒಂದು ಮತದ ತೂಕ ಒಂದೇ. 2011ರ ಜನಗಣತಿಯ ಹೊತ್ತಿಗೆ ಕರ್ನಾಟಕದಲ್ಲಿ ಕ್ಷೇತ್ರಕ್ಕೆ 21.8 ಲಕ್ಷ. ಉತ್ತರಾಖಂಡವನ್ನು ಸೇರಿಸಿಕೊಂಡ ಹಳೆಯ ಉತ್ತರ ಪ್ರದೇಶದಲ್ಲಿ 24.7, ಜಾರ್ಖಂಡ್ ಸೇರಿಸಿಕೊಂಡ ಹಳೆಯ ಬಿಹಾರದಲ್ಲಿ 25.4. ಈ ವ್ಯತ್ಯಾಸದ ಹಿಂದೆ ಇರುವುದು ಹುಟ್ಟದೆ ಉಳಿದ ಮಕ್ಕಳು, ಹೆರದೆ ಉಳಿದ ಹೆಂಗಸರು. 543 ಸ್ಥಾನಗಳನ್ನು ಹಾಗೆಯೇ ಇಟ್ಟು 2011ರ ಜನಸಂಖ್ಯೆಯ ಪ್ರಕಾರ ಹಂಚಿದರೂ ತಮಿಳುನಾಡಿನ 39 ಸ್ಥಾನ 32ಕ್ಕೆ, ಕೇರಳದ 20 ಸ್ಥಾನ 15ಕ್ಕೆ, ನಮ್ಮ 28 ಸ್ಥಾನ 27ಕ್ಕೆ ಇಳಿಯುತ್ತವೆ. ಮುಂದಿನ ಜನಗಣತಿಗೆ ಈ ಬಿರುಕು ಇನ್ನೂ ಅಗಲವಾಗುತ್ತದೆ, ಏಕೆಂದರೆ ಬಿಹಾರದಲ್ಲಿ ಹೆಣ್ಣಿಗೆ ಸರಾಸರಿ ಮಕ್ಕಳು 3.0, ನಮ್ಮಲ್ಲಿ 1.7.

ಇದರ ಜೊತೆಗೆ ಇನ್ನೊಂದು ಗಂಟು ಬಿದ್ದಿದೆ. 2023ರಲ್ಲಿ ಸಂಸತ್ತು 106ನೇ ತಿದ್ದುಪಡಿಯ ಮೂಲಕ ಲೋಕಸಭೆ ಮತ್ತು ವಿಧಾನಸಭೆಗಳಲ್ಲಿ ಮಹಿಳೆಯರಿಗೆ ಮೂರನೇ ಒಂದು ಪಾಲು ಮೀಸಲಿಟ್ಟಿತು. ಆಗ ಬರೆದ ಷರತ್ತು ಹೀಗಿದೆ: ಕಾಯ್ದೆಯ ನಂತರದ ಜನಗಣತಿ ಆಗಬೇಕು, ಕ್ಷೇತ್ರ ಮರುವಿಂಗಡಣೆ ಆಗಬೇಕು, ಆಮೇಲೆ ಮೀಸಲಾತಿ. ಅಂದರೆ ಹೆಣ್ಣಿನ ಸ್ಥಾನ ಮರುವಿಂಗಡಣೆಗೆ ಕಟ್ಟುಬಿದ್ದಿದೆ, ಮರುವಿಂಗಡಣೆ ಜನಸಂಖ್ಯೆಗೆ ಕಟ್ಟುಬಿದ್ದಿದೆ, ಜನಸಂಖ್ಯೆಯ ಏರಿಕೆ ತಗ್ಗಿದ್ದು ದಕ್ಷಿಣದ ಹೆಂಗಸರ ಆಪರೇಷನ್ನಿನಿಂದ. ಎರಡು ಮಕ್ಕಳಿಗೆ ಸಾಕು ಎಂದ ಹೆಣ್ಣಿಗೆ ಸಂಸತ್ತಿನಲ್ಲಿ ಜಾಗ ಸಿಗುವ ಹೊತ್ತಿಗೆ ಅವಳ ರಾಜ್ಯದ ದನಿ ಕುಗ್ಗಿರುತ್ತದೆ.

ಈ ಭಯ ಹುಟ್ಟಿದ ಕೂಡಲೇ ನಾಯಕರು ಏನು ಮಾಡಿದರು? 2024ರಲ್ಲಿ ಆಂಧ್ರದ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಹೆಚ್ಚು ಮಕ್ಕಳನ್ನು ಹೆರಿ ಎಂದರು. ಎರಡಕ್ಕಿಂತ ಹೆಚ್ಚು ಮಕ್ಕಳಿದ್ದವರು ಸ್ಥಳೀಯ ಚುನಾವಣೆಗೆ ನಿಲ್ಲಬಾರದೆಂಬ ನಿಯಮವನ್ನು ಅಲ್ಲಿನ ಶಾಸನಸಭೆ ತೆಗೆದುಹಾಕಿತು. ನಿಯಮ ಹೋದದ್ದು ಒಳ್ಳೆಯದೇ. ಎಷ್ಟೋ ಹಳ್ಳಿಗಳಲ್ಲಿ ಮೂರನೇ ಮಗುವನ್ನು ಹೆರುವುದೋ ಬೇಡವೋ ಎಂಬ ನಿರ್ಧಾರ ಹೆಂಗಸಿನದ್ದೇ ಆಗಿರಲಿಲ್ಲ, ಪಂಚಾಯಿತಿ ಸ್ಥಾನ ಕಳೆದುಕೊಳ್ಳುವವಳು ಮಾತ್ರ ಅವಳಾಗುತ್ತಿದ್ದಳು. ಆಗ ತಮಿಳುನಾಡಿನ ಮುಖ್ಯಮಂತ್ರಿಯಾಗಿದ್ದ ಸ್ಟಾಲಿನ್ ಅವರೂ ಮರುವಿಂಗಡಣೆಯ ಹೆಸರೆತ್ತಿ ನವದಂಪತಿಗಳಿಗೆ ಬೇಗ ಮಕ್ಕಳನ್ನು ಮಾಡಿಕೊಳ್ಳಿ ಎಂದರು. ಅರ್ಧ ಶತಮಾನ ಕಡಿಮೆ ಹೆರು ಎಂದ ಸರ್ಕಾರಗಳು ಈಗ ಹೆಚ್ಚು ಹೆರು ಎನ್ನತೊಡಗಿವೆ. ಎರಡೂ ಸಲ ಲೆಕ್ಕ ಅವರದ್ದು, ಹೊಟ್ಟೆ ಇವಳದ್ದು. ಈ ಮಾತು ಕೇಳಿದಾಗೆಲ್ಲ ನನಗೆ ಸಿಟ್ಟು ಬರುತ್ತದೆ.

ಒಂದು ಅಂಕಿ ಮಾತ್ರ 1977ರಿಂದ ಈಚೆಗೆ ಪೂರ್ತಿ ಬದಲಾಗಿದೆ. ಆಗ ಮತಗಟ್ಟೆಯಲ್ಲಿ ಹೆಂಗಸರು ಗಂಡಸರಿಗಿಂತ 10.7 ಪಾಯಿಂಟ್ ಹಿಂದಿದ್ದರು. 2004ರಲ್ಲಿ ಆ ಅಂತರ 8ರ ಮೇಲಿತ್ತು. 2014ರಲ್ಲಿ ಒಂದೂವರೆಗೆ ಇಳಿಯಿತು. 2019ರಲ್ಲಿ ಮೊದಲ ಬಾರಿಗೆ ಹೆಂಗಸರು ಮುಂದೆ ಹೋದರು, 2024ರಲ್ಲೂ ಮುಂದೆಯೇ ಇದ್ದರು: ಹೆಂಗಸರು 65.78, ಗಂಡಸರು 65.55. ಆ ಚುನಾವಣೆಯಲ್ಲಿ ಮತ ಹಾಕಿದ ಹೆಂಗಸರು 31.2 ಕೋಟಿ. ಜಗತ್ತಿನ ಯಾವ ಚುನಾವಣೆಯಲ್ಲೂ ಇಷ್ಟು ಹೆಂಗಸರು ಮತ ಹಾಕಿದ್ದಿಲ್ಲ. ಅವರ ಬೆರಳಿಗೆ ಬಿದ್ದ ಶಾಯಿಯ ಬೆಲೆ ಪಕ್ಷಗಳಿಗೆ ಈಗ ಚೆನ್ನಾಗಿ ಗೊತ್ತಾಗಿದೆ. ಕರ್ನಾಟಕದಲ್ಲಿ ಗೃಹಲಕ್ಷ್ಮಿಯ 2,000 ರೂಪಾಯಿ ಒಂದು ಕೋಟಿಗೂ ಹೆಚ್ಚು ಹೆಂಗಸರಿಗೆ ಹೋಗುವುದು, ಶಕ್ತಿ ಯೋಜನೆಯಲ್ಲಿ ಅವರು ಟಿಕೆಟ್ ದುಡ್ಡಿಲ್ಲದೆ ಬಸ್ಸು ಹತ್ತುವುದು, ಮಧ್ಯಪ್ರದೇಶದಲ್ಲಿ, ಮಹಾರಾಷ್ಟ್ರದಲ್ಲಿ ಅಂಥವೇ ಯೋಜನೆಗಳು ಬಂದದ್ದು, ಎಲ್ಲ ಈ ಏರಿಕೆಯ ಫಲ. ಅವು ಬೇಕಾದವೇ. ಆದರೆ ಪ್ರಚಾರದ ವೇದಿಕೆಯ ಮೇಲೆ ಯಾವ ಪಕ್ಷದವರೂ ಹೆಂಗಸರ ಆಪರೇಷನ್ನಿನ ಬಗ್ಗೆ, ಗಂಡಸರ ಆ ಸೊನ್ನೆಯ ಬಗ್ಗೆ ಮಾತಾಡಿದ್ದನ್ನು ನಾನಂತೂ ಕೇಳಿಲ್ಲ.

ಹಾಗಾಗಿ ಅಕ್ಕ ತಂಗಿಯರಲ್ಲಿ ನನ್ನ ಕೇಳಿಕೆ ಇಷ್ಟು. ಮುಂದಿನ ಸಲ ಮತ ಕೇಳಲು ಬಂದವರನ್ನು ಅಂಗಳದಲ್ಲೇ ನಿಲ್ಲಿಸಿ ಕೇಳಿ. ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಗಂಡಸರಿಗೆ ವ್ಯಾಸೆಕ್ಟಮಿ ಮಾಡುವ ವೈದ್ಯರಿದ್ದಾರೆಯೇ? ಕಳೆದ ವರ್ಷ ಎಷ್ಟು ಗಂಡಸರಿಗೆ ಮಾಡಿದರು? ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮಾತ್ರೆ, ವಂಕಿ, ಚುಚ್ಚುಮದ್ದು ತಿಂಗಳ ಎಲ್ಲ ದಿನವೂ ಸಿಗುತ್ತವೆಯೇ? ಮರುವಿಂಗಡಣೆಯಲ್ಲಿ ಎರಡು ಮಕ್ಕಳಿಗೆ ಸಾಕೆಂದ ತಾಯಂದಿರ ರಾಜ್ಯಕ್ಕೆ ಅನ್ಯಾಯವಾಗದಂತೆ ಸಂಸತ್ತಿನಲ್ಲಿ ನೀವು ಏನು ಹೇಳುತ್ತೀರಿ? ಉತ್ತರ ಕೊಡಲಾಗದವರಿಗೆ ಮತ ಕೊಡಬೇಡಿ. 1977ರಲ್ಲಿ 62 ಲಕ್ಷ ಗಂಡಸರ ಸಿಟ್ಟು ಒಂದು ಸರ್ಕಾರವನ್ನು ಕೆಳಗಿಳಿಸಲು ಸಾಕಾಗಿತ್ತು. ನೀವು 31 ಕೋಟಿ ಇದ್ದೀರಿ.